ಮೂಲೆ ಸೇರಿದ ಕಂಪ್ಯೂಟರಿಗೆ ಇನ್ನೊಂದು ಆಯುಷ್ಯ

ಕುಟುಂಬ ಭೇಟಿಗೆಂದು ನಮ್ಮ ಕಡೆಯ ಮನೆಗಳಿಗೆ ಹೋದಾಗ ಒಂದು ವಸ್ತು ಆಗಾಗ ಕಣ್ಣಿಗೆ ಬೀಳುತ್ತದೆ. ಚಾವಡಿಯ ಮೂಲೆಯಲ್ಲಿ ಹಳೆಯ ಬೆಡ್‌ಶೀಟಿನ ತುಂಡು ಹೊದ್ದುಕೊಂಡು ಕುಳಿತ ಕಂಪ್ಯೂಟರ್. ಮಗ ಕಾಲೇಜಿಗೆ ಸೇರಿದಾಗ ಕೊಂಡದ್ದು. ಇಲ್ಲವೇ ಗಲ್ಫಿನಿಂದ ರಜೆಗೆ ಬಂದ ಮಾವ ತಂದುಕೊಟ್ಟ ಲ್ಯಾಪ್‌ಟಾಪ್. "ಹಾಳಾಗಿದೆಯಾ?" ಎಂದು ಕೇಳಿದರೆ ಮನೆಯಾಕೆ ನಗುತ್ತಾರೆ. "ಹಾಳಾಗಿಲ್ಲ ಫಾದರ್, ಆನ್ ಆಗ್ತದೆ. ಆದರೆ ಅದು ಆನ್ ಆಗುವಷ್ಟರಲ್ಲಿ ನಮ್ಮದು ಚಹಾ ಕುಡಿದು ಆಗ್ತದೆ."

ಹೀಗೆ ಮೂಲೆ ಸೇರುವ ಕಂಪ್ಯೂಟರುಗಳ ಸಂಖ್ಯೆ ಈಗ ಇನ್ನಷ್ಟು ಹೆಚ್ಚುವ ಹಾಗೆ ಕಾಣುತ್ತದೆ. ಮೈಕ್ರೋಸಾಫ್ಟ್ ಕಂಪನಿಯು 2015ರಲ್ಲಿ ಹೊರತಂದ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು 2025ರ ಅಕ್ಟೋಬರ್ 14ರಂದು ನಿಲ್ಲಿಸಿತು. ಮನೆಬಳಕೆದಾರರು ಪ್ರತ್ಯೇಕವಾಗಿ ನೋಂದಾಯಿಸಿಕೊಂಡರೆ ಭದ್ರತಾ ತಿದ್ದುಪಡಿಗಳನ್ನು ಇನ್ನೊಂದು ವರ್ಷ, ಅಂದರೆ 2026ರ ಅಕ್ಟೋಬರ್ 13ರವರೆಗೆ ಕೊಡುವುದಾಗಿ ಹೇಳಿತು, ಅಷ್ಟೇ. ಸರಿ, ವಿಂಡೋಸ್ 11 ಹಾಕಿಸೋಣವೆಂದರೆ ಅದರ ಷರತ್ತುಗಳು ಬೇರೆ. ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು ಬೇಕು, 4 ಜಿಬಿ ರ‍್ಯಾಮ್ ಬೇಕು, ಇಂಟೆಲ್ ಪ್ರೊಸೆಸರ್ ಆದರೆ ಎಂಟನೆಯ ತಲೆಮಾರಿನದ್ದಾದರೂ ಆಗಿರಬೇಕು. 2017ಕ್ಕಿಂತ ಮೊದಲು ಕೊಂಡ ಯಂತ್ರ ಎಷ್ಟೇ ಗಟ್ಟಿಮುಟ್ಟಾಗಿದ್ದರೂ ಈ ಬಾಗಿಲಲ್ಲಿ ಅದಕ್ಕೆ ಪ್ರವೇಶವಿಲ್ಲ.

ಬೆಂಬಲ ನಿಂತಿತು ಎಂದರೆ ಕಂಪ್ಯೂಟರ್ ನಿಂತಿತು ಎಂದಲ್ಲ. ಅದು ಎಂದಿನಂತೆ ಓಡುತ್ತದೆ. ಆದರೆ ಕಳ್ಳರು ನುಗ್ಗಬಹುದಾದ ಹೊಸ ಸಂದಿಗಳು ಪತ್ತೆಯಾದಾಗ ಅವನ್ನು ಮುಚ್ಚುವವರು ಯಾರೂ ಇರುವುದಿಲ್ಲ. ಅಂತಹ ಯಂತ್ರದಲ್ಲಿ ಬ್ಯಾಂಕಿನ ವ್ಯವಹಾರ ಮಾಡುವುದು ಬಾಗಿಲಿನ ಚಿಲಕ ಸಡಿಲವಾದ ಮನೆಯಲ್ಲಿ ಚಿನ್ನ ಇಟ್ಟ ಹಾಗೆ. ಅಂಗಡಿಯವರನ್ನು ಕೇಳಿದರೆ ಸಿಗುವ ಸಲಹೆ ಒಂದೇ: "ಇದನ್ನು ಬಿಡಿ, ಹೊಸತು ತೆಗೆದುಕೊಳ್ಳಿ." ಪ್ರಿಯ ಓದುಗರೇ, ಹೊಸತು ಕೊಳ್ಳುವ ಮೊದಲು ಇನ್ನೊಂದು ದಾರಿಯನ್ನು ಪರೀಕ್ಷಿಸಿ ನೋಡಿ ಎನ್ನುವುದಷ್ಟೇ ಈ ಲೇಖನದ ಬಿನ್ನಹ. ಆ ದಾರಿಯ ಹೆಸರು ಲಿನಕ್ಸ್. ಅದರಲ್ಲೂ ಹಳೆಯ ಯಂತ್ರಗಳನ್ನು ಗಮನದಲ್ಲಿಟ್ಟು ಸಿದ್ಧಪಡಿಸಿದ ಹಗುರವಾದ ಲಿನಕ್ಸ್.

ಯಂತ್ರ ನಿಧಾನವಾಗುವುದು ಏಕೆ?

ಕಂಪ್ಯೂಟರಿಗೆ ಮನುಷ್ಯರಂತೆ ಮುಪ್ಪು ಬರುವುದಿಲ್ಲ. 2010ರಲ್ಲಿ ಒಂದು ಸೆಕೆಂಡಿಗೆ ಎಷ್ಟು ಲೆಕ್ಕ ಮಾಡುತ್ತಿತ್ತೋ ಇಂದೂ ಅದರ ಪ್ರೊಸೆಸರ್ ಬಹುಮಟ್ಟಿಗೆ ಅಷ್ಟೇ ಲೆಕ್ಕ ಮಾಡುತ್ತದೆ. ಬದಲಾದದ್ದು ಅದರ ಮೇಲೆ ಹೊರಿಸಿದ ಹೊರೆ.

ನಮ್ಮ ಅಡುಗೆಮನೆಯನ್ನೇ ನೆನೆಸಿಕೊಳ್ಳಿ. ಒಲೆಯ ಪಕ್ಕದಲ್ಲೊಂದು ಕಟ್ಟೆ ಇದೆ, ಮೇಲೆ ಅಟ್ಟ ಇದೆ. ಕಟ್ಟೆಯ ಮೇಲಿರುವ ಪಾತ್ರೆ ಕೈಗೆ ತಕ್ಷಣ ಸಿಗುತ್ತದೆ. ಅಟ್ಟದಲ್ಲಿರುವುದಕ್ಕೆ ಏಣಿ ಹತ್ತಬೇಕು. ಕಂಪ್ಯೂಟರಿನ ರ‍್ಯಾಮ್ ಎಂದರೆ ಆ ಕಟ್ಟೆ, ಹಾರ್ಡ್ ಡಿಸ್ಕ್ ಎಂದರೆ ಅಟ್ಟ. ಕಟ್ಟೆ ಚಿಕ್ಕದಿದ್ದು ಅಡುಗೆ ಹೆಚ್ಚಾದರೆ ಏನು ಮಾಡುತ್ತೀರಿ? ಒಂದು ಪಾತ್ರೆಯನ್ನು ಅಟ್ಟಕ್ಕೇರಿಸಿ ಇನ್ನೊಂದನ್ನು ಇಳಿಸುತ್ತೀರಿ, ಮತ್ತೆ ಏರಿಸುತ್ತೀರಿ, ಮತ್ತೆ ಇಳಿಸುತ್ತೀರಿ. ಹಳೆಯ ಕಂಪ್ಯೂಟರಿನಲ್ಲಿ ಆ ಕೆಂಪು ದೀಪ ಬಿಡದೆ ಮಿನುಗುತ್ತಾ ಹಾರ್ಡ್ ಡಿಸ್ಕ್ ಕಟಕಟ ಸದ್ದು ಮಾಡುವುದು ಇದೇ ಏಣಿ ಹತ್ತಿ ಇಳಿಯುವ ಕೆಲಸ. 2 ಜಿಬಿ ರ‍್ಯಾಮ್ ಇರುವ ಯಂತ್ರದಲ್ಲಿ ಇಂದಿನ ವಿಂಡೋಸ್ ತಾನು ಎದ್ದು ಕುಳಿತುಕೊಳ್ಳುವುದಕ್ಕೇ ಕಟ್ಟೆಯ ಬಹುಪಾಲನ್ನು ಹಿಡಿದುಬಿಡುತ್ತದೆ. ನಿಮ್ಮ ಕೆಲಸಕ್ಕೆ ಉಳಿಯುವುದು ಮೂಲೆಯಲ್ಲೊಂದು ಗೇಣು ಜಾಗ.

ಹಗುರವಾದ ಲಿನಕ್ಸ್ ಮಾಡುವುದು ಇಷ್ಟೇ: ತಾನು ಕಡಿಮೆ ಜಾಗ ಹಿಡಿಯುತ್ತದೆ. ಕೆಲವು ನೂರು ಎಂಬಿಯಲ್ಲಿ ತಾನು ಕುಳಿತು ಉಳಿದದ್ದನ್ನು ನಿಮಗೆ ಬಿಟ್ಟುಕೊಡುತ್ತದೆ. ಇದು ಸಾಧ್ಯವಾಗುವುದು ಲಿನಕ್ಸಿನ ರಚನೆಯಿಂದ. ವಿಂಡೋಸಿನಲ್ಲಿ ಒಳಗಿನ ಯಂತ್ರಾಂಗವೂ ಹೊರಗಿನ ಅಲಂಕಾರವೂ ಒಂದೇ ಮೈಯಾಗಿ ಬರುತ್ತವೆ. ಲಿನಕ್ಸಿನಲ್ಲಿ ಇವೆರಡೂ ಬೇರೆ ಬೇರೆ. ಒಳಗಿನ ತಿರುಳು ಅದೇ ಇದ್ದು, ಹೊರಗೆ ಕಾಣುವ ಪರದೆ, ಮೆನು, ಕಿಟಕಿಗಳನ್ನು ನಮಗೆ ಬೇಕಾದದ್ದು ಹಾಕಿಕೊಳ್ಳಬಹುದು. ಹೊಸ ಯಂತ್ರಕ್ಕೆ ಝಗಮಗಿಸುವ ಪರದೆ, ಬಡ ಯಂತ್ರಕ್ಕೆ ಸರಳವಾದದ್ದು. ಸೆರಗಿನಲ್ಲಿ ಜರಿ ಇಲ್ಲವೆಂದು ಸೀರೆ ಸೀರೆಯಲ್ಲವೇ?

ಒಂದು ಪ್ರಿಂಟರಿನಿಂದ ಆರಂಭವಾದ ಕಥೆ

"ಇದನ್ನು ಪುಕ್ಕಟೆ ಕೊಡುತ್ತಾರಂತೆ, ಹಾಗಾದರೆ ಇದರಲ್ಲಿ ಏನೋ ಮೋಸ ಇರಬೇಕು" ಎನ್ನುವ ಸಂಶಯ ಹಿರಿಯರಲ್ಲಿ ಇದ್ದೇ ಇರುತ್ತದೆ. ಆ ಸಂಶಯ ತಪ್ಪಲ್ಲ. ಈ ಕಾಲದಲ್ಲಿ ಪುಕ್ಕಟೆ ಎಂದದ್ದಕ್ಕೆಲ್ಲ ಬೇರೆಲ್ಲೋ ಬೆಲೆ ಕಟ್ಟುತ್ತಿರುತ್ತೇವೆ. ಆದ್ದರಿಂದ ಇದರ ಹಿನ್ನೆಲೆ ಸ್ವಲ್ಪ ತಿಳಿದಿರುವುದು ಒಳ್ಳೆಯದು.

1980ರ ಸುಮಾರಿಗೆ ಅಮೆರಿಕದ ಎಂಐಟಿ ಎಂಬ ಪ್ರಸಿದ್ಧ ತಾಂತ್ರಿಕ ಸಂಸ್ಥೆಯ ಪ್ರಯೋಗಾಲಯಕ್ಕೆ ಹೊಸ ಲೇಸರ್ ಪ್ರಿಂಟರ್ ಬಂತು. ಅದರಲ್ಲಿ ಕಾಗದ ಆಗಾಗ ಸಿಕ್ಕಿಕೊಳ್ಳುತ್ತಿತ್ತು. ಹಳೆಯ ಪ್ರಿಂಟರಿನಲ್ಲಿಯೂ ಸಿಕ್ಕಿಕೊಳ್ಳುತ್ತಿತ್ತು. ಆದರೆ ಅಲ್ಲಿದ್ದ ರಿಚರ್ಡ್ ಸ್ಟಾಲ್ಮನ್ ಎಂಬ ಪ್ರೋಗ್ರಾಮರ್ ಅದರ ತಂತ್ರಾಂಶವನ್ನು ತಿದ್ದಿ, ಕಾಗದ ಸಿಕ್ಕಿಕೊಂಡರೆ ಮುದ್ರಣಕ್ಕೆ ಕಾದಿದ್ದವರ ಪರದೆಯ ಮೇಲೆ ಸೂಚನೆ ಬರುವಂತೆ ಮಾಡಿದ್ದರು. ಹೊಸ ಪ್ರಿಂಟರಿನ ತಂತ್ರಾಂಶವನ್ನು ತಿದ್ದಲು ಅದರ ಮೂಲ ಬರಹವೇ ಸಿಗಲಿಲ್ಲ. ಇದ್ದವರನ್ನು ಕೇಳಿದರೆ, ಯಾರಿಗೂ ಕೊಡುವುದಿಲ್ಲವೆಂದು ಕರಾರು ಬರೆದುಕೊಟ್ಟಿದ್ದೇವೆ ಎಂಬ ಉತ್ತರ. ನೆರೆಯವನಿಗೆ ನೆರವಾಗುವುದನ್ನೇ ನಿಷೇಧಿಸುವ ಈ ಕರಾರು ಸ್ಟಾಲ್ಮನ್ ಅವರ ಮನಸ್ಸಿಗೆ ನಾಟಿತು. 1983ರಲ್ಲಿ ಅವರು ಯಾರು ಬೇಕಾದರೂ ಬಳಸಬಹುದಾದ, ಓದಿ ತಿಳಿಯಬಹುದಾದ, ತಿದ್ದಬಹುದಾದ, ಹಂಚಬಹುದಾದ ಕಾರ್ಯವ್ಯವಸ್ಥೆಯೊಂದನ್ನು ಕಟ್ಟುವುದಾಗಿ ಘೋಷಿಸಿದರು. ಅದರ ಹೆಸರು ಗ್ನೂ.

ಅದಕ್ಕೆ ಬೇಕಾದ ತಿರುಳು, ಅಂದರೆ ಕರ್ನೆಲ್, ದೊರೆತದ್ದು 1991ರಲ್ಲಿ, ಫಿನ್‌ಲ್ಯಾಂಡಿನಿಂದ. ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ, 21 ವರ್ಷದ ಲಿನಸ್ ಟೊರ್ವಾಲ್ಡ್ಸ್ ತನ್ನ ಮನೆಯ ಕಂಪ್ಯೂಟರಿಗಾಗಿ ಬರೆದದ್ದನ್ನು ಎಲ್ಲರ ಮುಂದಿಟ್ಟರು. ಎರಡೂ ಸೇರಿ ಇಂದು ನಾವು ಲಿನಕ್ಸ್ ಎಂದು ಕರೆಯುವುದಾಯಿತು. 1993ರಲ್ಲಿ ಇಯಾನ್ ಮರ್ಡಾಕ್ ಎಂಬವರು ಡೆಬಿಯನ್ ಎಂಬ ಆವೃತ್ತಿಯನ್ನು ಆರಂಭಿಸಿದರು. (ತನ್ನ ಹೆಸರಿಗೆ ತಾನು ಪ್ರೀತಿಸಿದ ಡೆಬ್ರಾಳ ಹೆಸರನ್ನು ಜೋಡಿಸಿ ಇಟ್ಟ ಹೆಸರು ಅದು. ತಂತ್ರಾಂಶದ ಲೋಕವೂ ಪೂರ್ತಿ ಒಣಗಿದ್ದಲ್ಲ!) 2004ರಲ್ಲಿ ಡೆಬಿಯನ್ ಆಧಾರದಲ್ಲಿ ಉಬುಂಟು, 2006ರಲ್ಲಿ ಉಬುಂಟು ಆಧಾರದಲ್ಲಿ ಲಿನಕ್ಸ್ ಮಿಂಟ್ ಹುಟ್ಟಿಕೊಂಡವು. ಒಂದು ಕೊಂಬೆಯಿಂದ ಇನ್ನೊಂದು ಕೊಂಬೆ ಒಡೆಯಲು ಯಾರ ಅಪ್ಪಣೆಯೂ ಬೇಕಿಲ್ಲದ ಕಾರಣ ಹಳೆಯ ಕಂಪ್ಯೂಟರ್ ಇಟ್ಟುಕೊಂಡವರೂ ತಮಗೆ ಬೇಕಾದ ಕೊಂಬೆಯನ್ನು ಬೆಳೆಸಿಕೊಂಡರು. ಬಡವನ ಯಂತ್ರಕ್ಕೆ ತಂತ್ರಾಂಶ ಮಾಡುವುದರಲ್ಲಿ ವ್ಯಾಪಾರಿಗೆ ಲಾಭವಿಲ್ಲ. ಆ ಯಂತ್ರ ಇರುವವನಿಗೆ ಮಾತ್ರ ಅದರ ಅಗತ್ಯವಿದೆ.

ನಮ್ಮ ಮಕ್ಕಳಿಗೆ ಇದು ಹೊಸತಲ್ಲ

ಕಾಸರಗೋಡು ಜಿಲ್ಲೆಯವರಾದ ನಮಗೆ ಇಲ್ಲೊಂದು ಅನುಕೂಲ ಇದೆ. ಗಡಿಯಾಚೆ ಮಂಗಳೂರಿನ ಬಂಧುಗಳಿಗೆ ಲಿನಕ್ಸ್ ಎಂದರೆ ವಿಚಿತ್ರ ಪ್ರಾಣಿಯಂತೆ ಕಾಣಬಹುದು. ನಮ್ಮ ಮಕ್ಕಳು ಅದನ್ನು ಶಾಲೆಯಲ್ಲಿ ದಿನವೂ ನೋಡುತ್ತಿದ್ದಾರೆ. ಸ್ಟಾಲ್ಮನ್ ಅವರ ಚಳವಳಿಯ ಭಾರತೀಯ ಶಾಖೆ 2001ರಲ್ಲಿ ಆರಂಭವಾದದ್ದೇ ತಿರುವನಂತಪುರದಲ್ಲಿ. ಅದೇ ಹೊತ್ತಿಗೆ ಕೇರಳ ಸರಕಾರ ಐಟಿ ಅಟ್ ಸ್ಕೂಲ್ ಯೋಜನೆಯನ್ನು ಕೈಗೊಂಡಿತು. ಕೆಲವೇ ವರ್ಷಗಳಲ್ಲಿ ಶಾಲೆಗಳ ಕಂಪ್ಯೂಟರ್ ಪಾಠ ಮುಕ್ತ ತಂತ್ರಾಂಶಕ್ಕೆ ಬದಲಾಯಿತು. 2017ರಿಂದ ಆ ಯೋಜನೆ ಕೈಟ್ ಎಂಬ ಸಂಸ್ಥೆಯಾಗಿದೆ. ಶಾಲೆಗಳಿಗೆಂದು ಅದು ಉಬುಂಟು ಆಧಾರದಲ್ಲಿ ಸಿದ್ಧಪಡಿಸಿದ ಕೈಟ್ ಗ್ನೂ ಲಿನಕ್ಸ್ ಬಳಕೆಯಲ್ಲಿದೆ. ಮಂಜೇಶ್ವರವಿರಲಿ, ಬದಿಯಡ್ಕವಿರಲಿ, ಕನ್ನಡ ಮಾಧ್ಯಮದ ಮಕ್ಕಳೂ ಕಲಿಯುವುದು ಇದನ್ನೇ. ಚಿತ್ರಕ್ಕೆ ಜಿಂಪ್ ಮತ್ತು ಇಂಕ್‌ಸ್ಕೇಪ್, ರೇಖಾಗಣಿತಕ್ಕೆ ಜಿಯೋಜೀಬ್ರಾ, ಭೂಪಟಕ್ಕೆ ಕ್ಯೂಜಿಐಎಸ್, ಪತ್ರ ಬರೆಯಲು ಲಿಬ್ರೆಆಫೀಸ್. ಎಸ್‌ಎಸ್‌ಎಲ್‌ಸಿಯಲ್ಲಿ ಐಟಿ ಪ್ರಾಯೋಗಿಕ ಪರೀಕ್ಷೆಯೂ ಇದೆ.

ಹೀಗಿದ್ದೂ ಮನೆಯಲ್ಲಿ ಅಭ್ಯಾಸಕ್ಕೆಂದು ಕೊಳ್ಳುವುದು ವಿಂಡೋಸ್ ಇರುವ ಕಂಪ್ಯೂಟರ್. ನನಗೆ ಪರಿಚಯದ ಒಂದು ಕುಟುಂಬದಲ್ಲಿ ತಂದೆ ರಿಕ್ಷಾ ಓಡಿಸುವವರು, ಮಗಳು ಒಂಬತ್ತನೆಯ ತರಗತಿ. ಮನೆಯಲ್ಲಿದ್ದ ಲ್ಯಾಪ್‌ಟಾಪಿಗೆ ಸುಮಾರು 12 ವರ್ಷ. ಅದು ಕೈಕೊಟ್ಟಿತೆಂದು ಹೊಸದಕ್ಕೆ ಕುಟುಂಬಶ್ರೀಯಿಂದ ಸಾಲ ತೆಗೆಯುವ ಮಾತು ನಡೆದಿತ್ತು. ಮಳೆಗಾಲಕ್ಕೆ ಮುಂಚೆ ಹಂಚು ಸರಿಪಡಿಸಲು ಇಟ್ಟಿದ್ದ ದುಡ್ಡೂ ಅದಕ್ಕೇ ಹೋಗುವುದಿತ್ತು. ನಮ್ಮ ಯುವಕರಲ್ಲಿ ಒಬ್ಬ ಒಂದು ಭಾನುವಾರ ಮಧ್ಯಾಹ್ನ ಕುಳಿತು, ಅದರ 2 ಜಿಬಿ ರ‍್ಯಾಮಿಗೆ ಬೇರೊಂದು ಸತ್ತ ಲ್ಯಾಪ್‌ಟಾಪಿನಿಂದ ತೆಗೆದ ಇನ್ನೊಂದು 2 ಜಿಬಿ ಸೇರಿಸಿ, ಲಿನಕ್ಸ್ ಮಿಂಟ್ ಹಾಕಿದ. ಮೆನು ತೆರೆದ ಹುಡುಗಿ ಒಂದೊಂದೇ ಹೆಸರು ಓದುತ್ತಾ ಹೋದಳು. "ಫಾದರ್, ಇದರಲ್ಲಿ ನಮ್ಮ ಶಾಲೆಯದ್ದೆಲ್ಲ ಹಾಕ್ಲಿಕ್ಕೆ ಆಗ್ತದಲ್ಲ! ಟೀಚರ್ ತೋರಿಸಿದ್ದೆಲ್ಲ ಇನ್ನು ಮನೆಯಲ್ಲೇ ಮಾಡಬಹುದು." ಆಕೆಯ ತಂದೆ ಮಾತ್ರ ಇನ್ನೂ ನಂಬದೆ, "ಇದಕ್ಕೆ ವರ್ಷ ವರ್ಷ ಎಷ್ಟು ಕಟ್ಟಬೇಕು?" ಎಂದು ಎರಡು ಸಲ ಕೇಳಿದರು.

ಯಾವ ಯಂತ್ರಕ್ಕೆ ಯಾವುದು?

ಲಿನಕ್ಸಿನಲ್ಲಿ ನೂರಾರು ಆವೃತ್ತಿಗಳಿವೆ. ಹೊಸಬರು ಗೊಂದಲಗೊಂಡು ಬಿಟ್ಟುಬಿಡುವುದು ಇಲ್ಲಿಯೇ. ನಿಜವಾಗಿ ನೋಡಬೇಕಾದದ್ದು ಎರಡೇ: ರ‍್ಯಾಮ್ ಎಷ್ಟಿದೆ ಮತ್ತು ಪ್ರೊಸೆಸರ್ 64 ಬಿಟ್‌ನದ್ದೋ 32 ಬಿಟ್‌ನದ್ದೋ. ವಿಂಡೋಸ್ 10ರಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಅಬೌಟ್ ಎಂದು ತೆರೆದರೆ ಎರಡೂ ಅಲ್ಲಿ ಬರೆದಿರುತ್ತವೆ.

ರ‍್ಯಾಮ್ 4 ಜಿಬಿ ಇದ್ದರೆ ಯೋಚಿಸದೆ ಲಿನಕ್ಸ್ ಮಿಂಟಿನ ಎಕ್ಸ್‌ಎಫ್‌ಸಿಇ ಆವೃತ್ತಿಯನ್ನು ಹಾಕಿ. ನೋಡಲು ಹಳೆಯ ವಿಂಡೋಸಿನಂತೆಯೇ ಇರುತ್ತದೆ: ಎಡಮೂಲೆಯಲ್ಲಿ ಮೆನು, ಕೆಳಗೆ ಪಟ್ಟಿ, ಬಲಮೂಲೆಯಲ್ಲಿ ಗಡಿಯಾರ. ಅಜ್ಜನಿಗೂ ಅರ್ಧ ದಿನದಲ್ಲಿ ಒಗ್ಗುತ್ತದೆ. 2 ಜಿಬಿಯಲ್ಲೂ ಅದು ನಡೆಯುತ್ತದೆ, ಆದರೆ ಆಗ ಉಬುಂಟುವಿನ ಹಗುರ ರೂಪವಾದ ಲುಬುಂಟು ಅಥವಾ ಡೆಬಿಯನ್ ಆಧಾರದ ಆಂಟಿಎಕ್ಸ್ ಹೆಚ್ಚು ಹಿತ. 1 ಜಿಬಿ, 512 ಎಂಬಿ ಎನ್ನುವಂತಹ ಅಜ್ಜಿಕಾಲದ ಯಂತ್ರಗಳಿಗೆ ಆಂಟಿಎಕ್ಸ್ ಅಥವಾ ಪಪ್ಪಿ ಲಿನಕ್ಸ್. ಪಪ್ಪಿಯನ್ನು 2003ರಲ್ಲಿ ಆಸ್ಟ್ರೇಲಿಯಾದ ಬ್ಯಾರಿ ಕಾಲರ್ ಆರಂಭಿಸಿದರು. ಅದರ ವಿಶೇಷವೆಂದರೆ ಪೆನ್‌ಡ್ರೈವಿನಿಂದ ಎದ್ದು ಇಡೀ ವ್ಯವಸ್ಥೆ ರ‍್ಯಾಮಿನಲ್ಲೇ ಕುಳಿತುಕೊಳ್ಳುವುದು. ಹಾರ್ಡ್ ಡಿಸ್ಕ್ ಸತ್ತುಹೋದ ಕಂಪ್ಯೂಟರಿನಲ್ಲೂ ಅದು ಓಡುತ್ತದೆ ಎಂದರೆ ಮೊದಲ ಸಲ ಕೇಳಿದವರು ನಂಬುವುದಿಲ್ಲ.

32 ಬಿಟ್ ಯಂತ್ರಗಳ ಬಗ್ಗೆ ಮಾತ್ರ ಹೆಚ್ಚು ಆಸೆ ಹುಟ್ಟಿಸಲಾರೆ. ಗೂಗಲ್ ಕ್ರೋಮ್ 2016ರಲ್ಲೇ ಲಿನಕ್ಸಿನ 32 ಬಿಟ್ ಕೈಬಿಟ್ಟಿತು. ಲಿನಕ್ಸ್ ಲೋಕದ ಹಿರಿಯಣ್ಣನಂತಿರುವ ಡೆಬಿಯನ್ ಕೂಡ 2025ರ ಆಗಸ್ಟಿನಲ್ಲಿ ಬಂದ ತನ್ನ 13ನೆಯ ಆವೃತ್ತಿಯಲ್ಲಿ 32 ಬಿಟ್ ಯಂತ್ರಗಳಿಗೆ ಸ್ಥಾಪನೆಯ ವ್ಯವಸ್ಥೆಯನ್ನು ನಿಲ್ಲಿಸಿತು. 2023ರ 12ನೆಯ ಆವೃತ್ತಿಯೇ ಅವುಗಳಿಗೆ ಕೊನೆಯದು. ಅದರ ಮೇಲೆ ಕಟ್ಟಿದ ಆಂಟಿಎಕ್ಸ್ 23ನ್ನು ಹಾಕಿಕೊಳ್ಳಬಹುದು. ಆದರೆ ಅಂತಹ ಕಂಪ್ಯೂಟರನ್ನು ಟೈಪಿಂಗಿಗೆ, ಲೆಕ್ಕಪತ್ರಕ್ಕೆ, ಹಾಡು ಕೇಳಲು ಇಟ್ಟುಕೊಂಡು, ಬ್ಯಾಂಕಿನ ಕೆಲಸ ಬೇರೆಡೆ ಮಾಡುವುದು ಲೇಸು. ಇನ್ನು 2006ರ ನಂತರ ಬಂದ ಕೋರ್ 2 ಡ್ಯುಯೋ ಯಂತ್ರಗಳು 64 ಬಿಟ್‌ನವು. ಮೂಲೆಯಲ್ಲಿರುವ ನಿಮ್ಮ ಕಂಪ್ಯೂಟರ್ ಇದೇ ಗುಂಪಿಗೆ ಸೇರಿದ್ದಾಗಿರುವ ಸಂಭವವೇ ಹೆಚ್ಚು.

ಒಂದಿಷ್ಟು ಖರ್ಚು ಮಾಡಲು ಸಿದ್ಧರಿದ್ದರೆ ಹಳೆಯ ಹಾರ್ಡ್ ಡಿಸ್ಕ್ ತೆಗೆದು ಅದರ ಜಾಗದಲ್ಲಿ ಎಸ್‌ಎಸ್‌ಡಿ ಹಾಕಿಸಿ. ಅದರಲ್ಲಿ ತಿರುಗುವ ತಟ್ಟೆ ಇಲ್ಲ. ಅಟ್ಟಕ್ಕೆ ಏಣಿಯ ಬದಲು ಲಿಫ್ಟ್ ಇಟ್ಟ ಹಾಗೆ. ಲಿನಕ್ಸ್ ಹಾಕುವುದರಿಂದ ಆಗುವ ಲಾಭಕ್ಕಿಂತ ಕೆಲವೊಮ್ಮೆ ಇದರ ಲಾಭವೇ ಹೆಚ್ಚು. ಎರಡೂ ಸೇರಿದರೆ ಚಹಾ ಕುಡಿದು ಬರುವಷ್ಟು ಸಮಯ ಸಿಗುವುದಿಲ್ಲ.

ಹಾಕುವ ಬಗೆ

ಮೊದಲ ಕೆಲಸ ಲಿನಕ್ಸಿನದ್ದಲ್ಲ, ನಿಮ್ಮ ಫೋಟೋಗಳದ್ದು. ಮಗುವಿನ ಜ್ಞಾನಸ್ನಾನ, ಅಕ್ಕನ ಮದುವೆ, ತೀರಿಕೊಂಡ ಅಪ್ಪನ ಕೊನೆಯ ಹುಟ್ಟುಹಬ್ಬ, ಎಲ್ಲವೂ ಆ ಹಾರ್ಡ್ ಡಿಸ್ಕಿನಲ್ಲೇ ಇವೆ. ಬೇರೆ ಪ್ರತಿ ಇಲ್ಲ. ಹೊಸ ವ್ಯವಸ್ಥೆಯನ್ನು ಸ್ಥಾಪಿಸುವಾಗ "ಇಡೀ ಡಿಸ್ಕನ್ನು ಅಳಿಸಲೇ?" ಎಂದು ಅದು ಕೇಳುತ್ತದೆ. ಒಂದು ಸಲ ಹೌದು ಎಂದರೆ ಮುಗಿಯಿತು. ಆದ್ದರಿಂದ ಬೇರೆ ಹಾರ್ಡ್ ಡಿಸ್ಕಿಗೋ ದೊಡ್ಡ ಪೆನ್‌ಡ್ರೈವಿಗೋ ಎಲ್ಲವನ್ನೂ ನಕಲು ಮಾಡಿ. ನಕಲು ಮಾಡಿದ ಮೇಲೆ ಬೇರೊಂದು ಕಂಪ್ಯೂಟರಿನಲ್ಲಿ ನಾಲ್ಕಾರು ಫೋಟೋಗಳನ್ನು ತೆರೆದು ನೋಡಿ. ತೆರೆದು ನೋಡದ ನಕಲು ನಕಲೇ ಅಲ್ಲ. ಫೋಟೋಗಳು ಡೆಸ್ಕ್‌ಟಾಪಿನಲ್ಲಿ ಮಾತ್ರವಲ್ಲ, ಡಿ ಡ್ರೈವ್, ಇ ಡ್ರೈವ್ ಎಂದು ಎಲ್ಲೆಲ್ಲೋ ಹರಡಿರುತ್ತವೆ; ಮನೆಯವರನ್ನೆಲ್ಲ ಕೂರಿಸಿಕೊಂಡು ಹುಡುಕಿ. ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡುಗಳನ್ನೂ ಮರೆಯಬೇಡಿ.

ಆಮೇಲಿನದ್ದು ಸುಲಭ. ಆಯ್ದ ಲಿನಕ್ಸಿನ ಐಎಸ್‌ಒ ಕಡತವನ್ನು ಅದರ ಅಧಿಕೃತ ತಾಣದಿಂದಲೇ ಇಳಿಸಿಕೊಳ್ಳಿ. ಮಿಂಟ್ ಆದರೆ ಸುಮಾರು 3 ಜಿಬಿ ಇರುತ್ತದೆ. ರೂಫಸ್ ಅಥವಾ ಎಚರ್ ಎಂಬ ಉಚಿತ ತಂತ್ರಾಂಶದಿಂದ ಅದನ್ನು 8 ಜಿಬಿ ಪೆನ್‌ಡ್ರೈವಿಗೆ ಬರೆಯಿರಿ. ಪೆನ್‌ಡ್ರೈವಿನಲ್ಲಿ ಮೊದಲಿದ್ದದ್ದು ಅಳಿದುಹೋಗುತ್ತದೆ ಎಂಬುದು ನೆನಪಿರಲಿ. ಪೆನ್‌ಡ್ರೈವ್ ಚುಚ್ಚಿ ಕಂಪ್ಯೂಟರ್ ಆನ್ ಮಾಡಿದ ತಕ್ಷಣ ಎಫ್12, ಎಫ್9 ಅಥವಾ ಎಸ್ಕೇಪ್ ಕೀಲಿ ಒತ್ತಿದರೆ (ಕಂಪನಿಗೊಂದು ಪದ್ಧತಿ) ಎಲ್ಲಿಂದ ಆರಂಭಿಸಬೇಕೆಂದು ಕೇಳುತ್ತದೆ. ಪೆನ್‌ಡ್ರೈವನ್ನು ಆರಿಸಿ.

ಈಗ ನಿಮ್ಮ ಹಾರ್ಡ್ ಡಿಸ್ಕನ್ನು ಮುಟ್ಟದೆಯೇ ಲಿನಕ್ಸ್ ತೆರೆದುಕೊಳ್ಳುತ್ತದೆ. ಇದನ್ನು ಲೈವ್ ಎನ್ನುತ್ತಾರೆ. ಬಟ್ಟೆ ಅಂಗಡಿಯಲ್ಲಿ ತೊಟ್ಟು ನೋಡಿದ ಹಾಗೆ. ಸ್ಥಾಪಿಸುವ ಗುಂಡಿಯನ್ನು ಒತ್ತುವ ಆತುರ ಬೇಡ. ವೈಫೈ ಸಿಗುತ್ತದೆಯೇ? ಧ್ವನಿ ಬರುತ್ತದೆಯೇ? ಕ್ಯಾಮೆರಾದಲ್ಲಿ ಮುಖ ಕಾಣುತ್ತದೆಯೇ? ಪ್ರಿಂಟರಿನಿಂದ ಒಂದು ಹಾಳೆ ಹೊರಬರುತ್ತದೆಯೇ? ಪೆನ್‌ಡ್ರೈವಿನಿಂದ ಓಡುವಾಗ ಸ್ವಲ್ಪ ನಿಧಾನವೇ. ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಎಲ್ಲವೂ ಸರಿಯಿದ್ದರೆ ಸ್ಥಾಪಿಸಿ. ಮನಸ್ಸು ಒಪ್ಪದಿದ್ದರೆ ಪೆನ್‌ಡ್ರೈವ್ ಕಿತ್ತು ಕಂಪ್ಯೂಟರ್ ಮತ್ತೆ ಆನ್ ಮಾಡಿ, ನಿಮ್ಮ ಹಳೆಯ ವಿಂಡೋಸ್ ಇದ್ದ ಹಾಗೆಯೇ ಇರುತ್ತದೆ. ಜಾಗ ಸಾಕಷ್ಟಿದ್ದರೆ ಎರಡನ್ನೂ ಅಕ್ಕಪಕ್ಕ ಇಟ್ಟುಕೊಳ್ಳುವ ಏರ್ಪಾಡೂ ಇದೆ. ಆದರೆ ಹಳೆಯ ಯಂತ್ರದಲ್ಲಿ ಎರಡು ಸಂಸಾರ ಹೂಡುವುದು ನನಗೆ ಅಷ್ಟು ಸರಿಕಾಣುವುದಿಲ್ಲ.

ಕನ್ನಡದ ಪ್ರಶ್ನೆ

ಈ ಪತ್ರಿಕೆಗೆ ಬರೆಯುವವರು, ಸಂಘಗಳ ವರದಿ ಟೈಪ್ ಮಾಡುವ ಕಾರ್ಯದರ್ಶಿಗಳು ಮೊದಲು ಕೇಳುವುದೇ ಇದನ್ನು: "ಅದರಲ್ಲಿ ನುಡಿ ಉಂಟಾ?" ವಿಂಡೋಸಿಗೆಂದು ಮಾಡಿದ ನುಡಿ ತಂತ್ರಾಂಶ ಇದರಲ್ಲಿ ಓಡುವುದಿಲ್ಲ. ಆದರೆ ನುಡಿಯಲ್ಲಿ ನಿಮ್ಮ ಬೆರಳುಗಳಿಗೆ ರೂಢಿಯಾದ ಕೀಲಿಮಣೆ ಇದೆಯಲ್ಲ, ಅದು ಇಲ್ಲಿಯೂ ಇದೆ. ಅದರ ಮೂಲ ವಿನ್ಯಾಸ ನಮ್ಮ ತುಳುನಾಡಿನವರೇ ಆದ ಕಿನ್ನಿಕಂಬಳ ಪದ್ಮನಾಭ ರಾವ್, ಅಂದರೆ ಕೆ.ಪಿ. ರಾವ್ ಅವರದ್ದು. ಲಿನಕ್ಸಿನ ಕೀಬೋರ್ಡ್ ಸೆಟ್ಟಿಂಗಿನಲ್ಲಿ ಕನ್ನಡದ ಕೆಳಗೆ ಕಗಪ ಎಂಬ ಹೆಸರಿನಲ್ಲಿ ಅದು ಸಿಗುತ್ತದೆ. ಇನ್‌ಸ್ಕ್ರಿಪ್ಟ್ ಕಲಿತವರಿಗೆ ಅದೂ ಇದೆ. ಅಕ್ಷರ ಶೈಲಿಗಳಿಗೂ ಬರವಿಲ್ಲ: ಗುಬ್ಬಿ, ಲೋಹಿತ್ ಮತ್ತು ಕೈಬರಹದಂತಿರುವ ನವಿಲು, ಈ ಮೂರೂ ಡೆಬಿಯನ್ ಬಳಗದ ಲಿನಕ್ಸುಗಳಲ್ಲಿ ಒಂದೇ ಕಟ್ಟಿನಲ್ಲಿ ಬರುತ್ತವೆ.

ತೊಡಕಿರುವುದು ಹಳೆಯ ಕಡತಗಳಲ್ಲಿ. ಹಿಂದೆ ನುಡಿ, ಬರಹಗಳಲ್ಲಿ ಟೈಪ್ ಮಾಡಿದ ಬಹಳಷ್ಟು ಕಡತಗಳಲ್ಲಿ ನಿಜವಾಗಿ ಇರುವುದು ಕನ್ನಡ ಅಕ್ಷರಗಳಲ್ಲ. ಇಂಗ್ಲಿಷ್ ಅಕ್ಷರಗಳಿಗೂ ಚಿಹ್ನೆಗಳಿಗೂ ಕನ್ನಡದ ವೇಷ ತೊಡಿಸಿದ್ದು. ಆ ವೇಷ, ಅಂದರೆ ಆ ಫಾಂಟ್, ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಗೀಚು ಕಾಣುತ್ತದೆ. ಇದು ಲಿನಕ್ಸಿನ ದೋಷವಲ್ಲ, ಹೊಸ ವಿಂಡೋಸಿನಲ್ಲೂ ಇದೇ ಗತಿ. ಅವನ್ನು ಯುನಿಕೋಡಿಗೆ ಪರಿವರ್ತಿಸುವ ತಂತ್ರಾಂಶಗಳಿವೆ. ಹಳೆಯ ವಿಂಡೋಸ್ ಇನ್ನೂ ಜೀವಂತ ಇರುವಾಗಲೇ, ಮೂಲ ತಂತ್ರಾಂಶ ಕೈಯಲ್ಲಿರುವಾಗಲೇ ಈ ಪರಿವರ್ತನೆ ಮುಗಿಸಿಕೊಳ್ಳುವುದು ಜಾಣತನ. ಇಪ್ಪತ್ತು ವರ್ಷಗಳ ವಾರ್ಷಿಕ ವರದಿಗಳು ಯಾರೂ ಓದಲಾಗದ ಗೀಚಾಗಿ ಉಳಿಯುವುದು ಬೇಡ.

ಯಾರಿಗೆ ಇದು ಬೇಡ?

ಎಲ್ಲರಿಗೂ ಇದೇ ಮದ್ದು ಎಂದು ಹೇಳುವವನು ನಾನಲ್ಲ. ಟ್ಯಾಲಿಯಲ್ಲಿ ಲೆಕ್ಕ ಬರೆಯುವ ಅಂಗಡಿಯವರು, ಫೋಟೋಶಾಪ್, ಕೋರಲ್‌ಡ್ರಾ, ಪೇಜ್‌ಮೇಕರ್ ನಂಬಿ ಜೀವನ ಮಾಡುವ ಸ್ಟುಡಿಯೋ ಮತ್ತು ಮುದ್ರಣಾಲಯದವರು ಇದ್ದಲ್ಲೇ ಇರುವುದು ಒಳ್ಳೆಯದು. ಆ ತಂತ್ರಾಂಶಗಳು ಇಂದು ಲಿನಕ್ಸಿಗೆ ಸಿಗುವುದಿಲ್ಲ. ಒತ್ತಾಯದಿಂದ ಓಡಿಸುವ ಉಪಾಯಗಳಿದ್ದರೂ ಹೊಟ್ಟೆಪಾಡನ್ನು ಉಪಾಯದ ಮೇಲೆ ನಿಲ್ಲಿಸಬಾರದು. ಕೆಲವು ಕಂಪನಿಗಳ ಹಳೆಯ ಪ್ರಿಂಟರುಗಳು ಲಿನಕ್ಸಿನೊಂದಿಗೆ ಹಟ ಹಿಡಿಯುತ್ತವೆ. ಲೈವ್‌ನಲ್ಲಿ ಪರೀಕ್ಷಿಸಿ ನೋಡಿ ಎಂದು ಹೇಳಿದ್ದು ಅದಕ್ಕೇ.

ಇನ್ನೊಂದು ಮಾತು. ವ್ಯವಸ್ಥೆ ಎಷ್ಟೇ ಹಗುರವಾದರೂ ಇಂದಿನ ಅಂತರ್ಜಾಲ ಹಗುರವಲ್ಲ. ಬ್ರೌಸರಿನಲ್ಲಿ ತೆರೆದ ಒಂದೊಂದು ಪುಟವೂ ನೂರಾರು ಎಂಬಿ ಹಿಡಿಯಬಲ್ಲದು. 2 ಜಿಬಿ ಯಂತ್ರದಲ್ಲಿ ಹತ್ತು ಪುಟ ತೆರೆದಿಟ್ಟು, ಜೊತೆಗೆ ಯೂಟ್ಯೂಬಿನಲ್ಲಿ ಹಾಡು ಹಚ್ಚಿ, "ಲಿನಕ್ಸ್ ಹಾಕಿದರೂ ಇಷ್ಟೇ" ಎಂದರೆ ಅದು ಪಾಪದ ಯಂತ್ರಕ್ಕೆ ಮಾಡುವ ಅನ್ಯಾಯ. ಎರಡು ಮೂರು ಪುಟ ಸಾಕು. ವಿಡಿಯೋ ಗುಣಮಟ್ಟ 480ಕ್ಕೆ ಇಳಿಸಿ. ವಾಟ್ಸಾಪ್ ಬ್ರೌಸರಿನಲ್ಲೇ ತೆರೆಯುತ್ತದೆ. ಕುವೈತ್‌ನಲ್ಲಿರುವ ಮಗನೊಡನೆ ಗೂಗಲ್ ಮೀಟ್‌ನಲ್ಲಿ ಮುಖ ನೋಡಿ ಮಾತಾಡಬಹುದು. ಝೂಮ್‌ಗೆ ಲಿನಕ್ಸ್ ಆವೃತ್ತಿಯೇ ಇದೆ.

ಪೆನ್‌ಡ್ರೈವ್ ಚುಚ್ಚಿದರೆ ಸಾಕು ಹರಡುವ ಆ ವೈರಸುಗಳ ಕಾಟ ಇಲ್ಲಿ ಇಲ್ಲವೆನ್ನುವಷ್ಟು ಕಡಿಮೆ; ಅವು ವಿಂಡೋಸಿಗೆಂದೇ ಬರೆದವು. ಹಾಗೆಂದು ಲಿನಕ್ಸ್ ಅಭೇದ್ಯ ಕೋಟೆಯಲ್ಲ. ಬ್ಯಾಂಕಿನಿಂದ ಮಾತಾಡುತ್ತೇನೆಂದು ಒಟಿಪಿ ಕೇಳುವವನಿಗೆ ನೀವೇ ಹೇಳಿಕೊಟ್ಟರೆ ಯಾವ ಕಾರ್ಯವ್ಯವಸ್ಥೆಯೂ ಕಾಪಾಡಲಾರದು. ವಾರಕ್ಕೊಮ್ಮೆ ಅಪ್‌ಡೇಟ್ ಸೂಚನೆ ಬಂದಾಗ ಒಪ್ಪಿಗೆ ಕೊಡಿ. ಅದು ಪುಕ್ಕಟೆ.

ಬೇಡದ್ದನ್ನು ಕೊಡುವಾಗ

ವಿಶ್ವಸಂಸ್ಥೆಯ ಸಂಸ್ಥೆಗಳು 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ ಹುಟ್ಟಿದ ವಿದ್ಯುನ್ಮಾನ ತ್ಯಾಜ್ಯ 6.2 ಕೋಟಿ ಟನ್. ಅದರಲ್ಲಿ ಸರಿಯಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದದ್ದು ಕಾಲುಭಾಗಕ್ಕಿಂತಲೂ ಕಡಿಮೆ, ಶೇಕಡಾ 22.3. ಗುಜರಿಯವನು ತಕ್ಕಡಿಯಲ್ಲಿ ತೂಗಿ ಕೊಂಡುಹೋಗುವ ಕಂಪ್ಯೂಟರಿನೊಳಗೆ ಸೀಸದಂತಹ ವಿಷವಸ್ತುಗಳಿವೆ; ಎಲ್ಲೋ ಒಬ್ಬ ಬಡವ ಅದನ್ನು ಬಯಲಲ್ಲಿ ಸುಟ್ಟು ತಾಮ್ರ ತೆಗೆಯುತ್ತಾನೆ. ಹೀಗಾಗಿ ನಿಮಗೆ ಬೇಡದ ಯಂತ್ರ ಇನ್ನೂ ಓಡುವ ಸ್ಥಿತಿಯಲ್ಲಿದ್ದರೆ ಬೇಕಾದವರಿಗೆ ಕೊಡಿ. ಯುವ ಸಂಘದವರು ರಜೆಯಲ್ಲಿ ಒಂದು ದಿನ ಇಂತಹ ಯಂತ್ರಗಳನ್ನು ಒಟ್ಟುಮಾಡಿ, ಎರಡು ಸತ್ತದ್ದರಿಂದ ಒಂದು ಬದುಕಿದ್ದನ್ನು ಮಾಡಿ, ಲಿನಕ್ಸ್ ಹಾಕಿ ಹಂಚಿದರೆ ಎಷ್ಟೋ ಮಕ್ಕಳಿಗೆ ಉಪಕಾರವಾದೀತು.

ಆದರೆ ಕೊಡುವ ಮೊದಲು ನಿಮ್ಮ ಮಾಹಿತಿಯನ್ನು ಪೂರ್ತಿ ಅಳಿಸಿ. ಡಿಲೀಟ್ ಮಾಡಿ ರೀಸೈಕಲ್ ಬಿನ್ ಖಾಲಿ ಮಾಡಿದರೆ, ಫಾರ್ಮ್ಯಾಟ್ ಮಾಡಿದರೂ ಕೂಡ, ಬಲ್ಲವರು ಮರಳಿ ತೆಗೆಯಬಲ್ಲರು. ಲಿನಕ್ಸಿನ ಪೆನ್‌ಡ್ರೈವಿನಿಂದ ಎದ್ದು ಡಿಸ್ಕ್ಸ್ ಎಂಬ ಸಲಕರಣೆಯಲ್ಲಿ, ಹಳೆಯದರ ಮೇಲೆ ಸೊನ್ನೆಗಳನ್ನು ಬರೆದು ಅಳಿಸುವ ಆಯ್ಕೆಯನ್ನು ಆರಿಸಿದರೆ ಆ ಭಯವಿಲ್ಲ. ದೊಡ್ಡ ಡಿಸ್ಕಿಗೆ ಕೆಲವು ಗಂಟೆ ಹಿಡಿಯುತ್ತದೆ. ರಾತ್ರಿ ಹಚ್ಚಿ ಮಲಗಿ, ಬೆಳಗ್ಗೆ ನೋಡಿ.

ಕೊನೆಗೆ, ಹಲವರನ್ನು ಕಂಗೆಡಿಸುವ ಒಂದು ಸಣ್ಣ ಸಂಗತಿ. ವರ್ಷಗಟ್ಟಲೆ ಮೂಲೆಯಲ್ಲಿದ್ದ ಕಂಪ್ಯೂಟರ್ ಆನ್ ಮಾಡಿದಾಗ ಅದರ ಗಡಿಯಾರ 2009 ಎಂದೋ 2012 ಎಂದೋ ತೋರಿಸಬಹುದು. ಆಗ ಲಿನಕ್ಸ್ ಸರಿಯಾಗಿ ಕೂತಿದ್ದರೂ ಬ್ರೌಸರ್ ಯಾವ ತಾಣವನ್ನೂ ತೆರೆಯಲು ಒಪ್ಪದೆ ಎಚ್ಚರಿಕೆಯ ಪುಟ ತೋರಿಸುತ್ತದೆ, ಏಕೆಂದರೆ ತಾಣಗಳ ಭದ್ರತಾ ಪತ್ರಗಳಿಗೆ ದಿನಾಂಕ ಸರಿಯಿರಬೇಕು. ಇಂಟರ್ನೆಟ್ಟೇ ಹಾಳಾಯಿತೆಂದು ಗಾಬರಿಬೀಳಬೇಡಿ. ಒಳಗಿರುವ ನಾಣ್ಯದಂತಹ ಬ್ಯಾಟರಿ ಮುಗಿದಿರುತ್ತದೆ. ಅದರ ಮೇಲೆ ಸಿಆರ್2032 ಎಂದು ಬರೆದಿರುತ್ತದೆ. ವಾಚಿನ ಅಂಗಡಿಯಲ್ಲೂ ಸಿಗುತ್ತದೆ. ಡೆಸ್ಕ್‌ಟಾಪ್ ಆದರೆ ವಿದ್ಯುತ್ ಸಂಪರ್ಕ ತೆಗೆದು, ಮುಚ್ಚಳ ಬಿಚ್ಚಿ ನೀವೇ ಬದಲಾಯಿಸಬಹುದು. ಲ್ಯಾಪ್‌ಟಾಪ್ ಆದರೆ ತಿಳಿದವರ ಕೈಗೆ ಕೊಡಿ.